ನೀರು ಕುಡಿದ ಗಾಡಿಯನ್ನು ನನಗೆ ಮಾರಿದರು: ಹಳೆಯ ಕಾರು ಕೊಳ್ಳುವವರು ದಯವಿಟ್ಟು ಓದಿ

ಕಾರವಾರ, ಅಂಕೋಲಾ, ಕುಮಟಾದ ಕಡೆ ಹಳೆಯ ಕಾರು ಕೊಳ್ಳಲು ಹಣ ಹೊಂದಿಸುತ್ತಿರುವವರು ಯಾರಾದರೂ ಇದ್ದರೆ, ಮುಂಗಡ ಕೊಡುವ ಮೊದಲು ಇದನ್ನೊಮ್ಮೆ ಓದಿಕೊಳ್ಳಿ. ನಾಲ್ಕು ಲಕ್ಷದ ಹದಿನೈದು ಸಾವಿರ ರೂಪಾಯಿ ಕೊಟ್ಟ ಕಾರನ್ನು ಹನ್ನೊಂದು ದಿನ ಓಡಿಸಿ, ಆ ಹಣವನ್ನು ವಾಪಸು ಪಡೆಯಲು ಐದೂವರೆ ತಿಂಗಳು ಅಲೆದವಳು ನಾನು. ಪೂರ್ತಿ ಹಣ ಬರಲೂ ಇಲ್ಲ. ಮಾರಿದವರ ಹೆಸರನ್ನು ಬರೆಯುವುದಿಲ್ಲ. ರಾಜಿ ಪತ್ರದಲ್ಲಿ ಹಾಗೆ ಒಪ್ಪಿದ್ದೇನೆ. ನಡೆದದ್ದನ್ನು ಹೇಳಬಾರದು ಎಂದು ಮಾತ್ರ ಎಲ್ಲಿಯೂ ಒಪ್ಪಿಲ್ಲ.

ನಾನು ಅಂಕೋಲಾ ತಾಲೂಕಿನ ಸರ್ಕಾರಿ ಶಾಲೆಯೊಂದರಲ್ಲಿ ಶಿಕ್ಷಕಿ. ಆಯಿಗೆ, ಅಂದರೆ ನನ್ನ ಅಮ್ಮನಿಗೆ, ಮೂತ್ರಪಿಂಡದ ತೊಂದರೆ. ತಿಂಗಳಿಗೆ ಎರಡು ಸಲ ಹುಬ್ಬಳ್ಳಿಗೆ ಹೋಗಬೇಕು. ನಮ್ಮ ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು 2022ರಲ್ಲಿ ಕರಾವಳಿಯವರೂ ಘಟ್ಟದ ಮೇಲಿನವರೂ ಒಟ್ಟಾಗಿ ಕೇಳಿದ್ದು ನಿಮಗೂ ನೆನಪಿರಬಹುದು. ಬಸ್ಸು ಅರಬೈಲ್ ಘಟ್ಟ ಏರುವಾಗ ಆಯಿ ಕಣ್ಣು ಮುಚ್ಚಿ, ಮುಂದಿನ ಸೀಟಿನ ಕಂಬಿಯನ್ನು ಹಿಡಿದು ಕುಳಿತಿರುವುದನ್ನು ನೋಡಲಾಗದೆ ಶಿಕ್ಷಕರ ಪತ್ತಿನ ಸಂಘದಲ್ಲಿ ಸಾಲ ತೆಗೆದೆ. ಇಬ್ಬರು ಸಹೋದ್ಯೋಗಿಗಳು ಜಾಮೀನು ನಿಂತರು.

2023ರ ದೀಪಾವಳಿ ಕಳೆದ ವಾರ ಕಾರವಾರಕ್ಕೆ ಹೋದೆ. ಬೆಂಗಳೂರು ನೋಂದಣಿಯ, 2016ರ ಮಾದರಿಯ ಬಿಳಿ ಡೀಸೆಲ್ ಕಾರು. ಮೀಟರಿನಲ್ಲಿ 58 ಸಾವಿರ ಕಿಲೋಮೀಟರ್. ಮಾರಾಟಗಾರರು ಕುಳ್ಳಿರಿಸಿ ಮುರುಗಲು ಪಾನಕ ಕೊಟ್ಟರು. "ಅಕ್ಕೋರೇ, ನಮ್ಮ ಮನೆಯ ಹೆಣ್ಣುಮಗಳಿಗೆ ಕೊಡುವಂಥ ಗಾಡಿ ಇದು" ಎಂದರು. ಹಿಂದಿನ ದಿನವೇ ನನ್ನ ಮೊಬೈಲಿಗೆ ಒಂದು ಸಂದೇಶವನ್ನೂ ಕಳಿಸಿದ್ದರು: ಒಬ್ಬರೇ ಮಾಲೀಕರು, ಅಪಘಾತವಾಗಿಲ್ಲ, ನೀರು ಹೊಕ್ಕಿಲ್ಲ, 58 ಸಾವಿರ ಮಾತ್ರ ಓಡಿದೆ. ಮುಂದೆ ನನ್ನನ್ನು ಉಳಿಸಿದ್ದು ಆ ಒಂದು ಸಾಲು.

ನಾನು ಹೋಗುವಷ್ಟರಲ್ಲಿ ಎಂಜಿನ್ ಬಿಸಿಯಾಗಿತ್ತು. "ಈಗಷ್ಟೇ ತೊಳೆಸಿ ತಂದೆವು" ಎಂದರು. ತಣ್ಣಗಿರುವ ಎಂಜಿನ್ ಹೇಗೆ ಚಾಲೂ ಆಗುತ್ತದೆ, ಎಂಥ ಹೊಗೆ ಬಿಡುತ್ತದೆ ಎಂಬುದನ್ನು ನೋಡುವ ಅವಕಾಶವೇ ಸಿಗಲಿಲ್ಲ. ಪರೀಕ್ಷೆಗೆಂದು ಓಡಿಸಿದ್ದು ಹೆದ್ದಾರಿಯಲ್ಲಿ ಬಿಣಗಾವರೆಗೆ, ಹತ್ತು ನಿಮಿಷ. ಒಳಗೆ ಮಲ್ಲಿಗೆಯ ಸುಗಂಧ, ಅದರಡಿಯಲ್ಲಿ ಸ್ವಲ್ಪ ಮುಗ್ಗಲು ವಾಸನೆ. ಮಳೆಗಾಲ ಮುಗಿದ ಮೇಲೆ ನಮ್ಮ ಕರಾವಳಿಯಲ್ಲಿ ಕಪಾಟು, ಹಾಸಿಗೆ, ಪುಸ್ತಕ ಯಾವುದಕ್ಕೆ ಆ ವಾಸನೆ ಇರುವುದಿಲ್ಲ ಹೇಳಿ? ನಾನು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಸೀಟಿನ ಕೆಳಗಿನ ಹಳಿಯಲ್ಲಿ ತುಕ್ಕು ಕಂಡು ಕೇಳಿದಾಗ "ಕಡಲ ಗಾಳಿ, ಅಕ್ಕೋರೇ" ಎಂದರು. ಅದನ್ನೂ ನಂಬಿದೆ. ಬೆಂಗಳೂರಿನಿಂದ ಬಂದು ಎರಡು ತಿಂಗಳಾಗಿದೆ ಎಂದು ಅವರೇ ಹೇಳಿದ್ದ ಕಾರಿಗೆ, ಅದೂ ಬಾಗಿಲು ಮುಚ್ಚಿದ ಒಳಭಾಗಕ್ಕೆ, ಕಡಲ ಗಾಳಿಯ ತುಕ್ಕು ಅಷ್ಟು ಬೇಗ ಹಿಡಿಯುವುದು ಹೇಗೆ ಎಂದು ನಾನು ಯೋಚಿಸಬೇಕಿತ್ತು. ಕಡಲ ತುಕ್ಕು ಹೊರಗಿನಿಂದ, ಬಾಗಿಲಿನ ಕೆಳ ಅಂಚಿನಿಂದ, ಚಾಸಿಯಿಂದ ಶುರುವಾಗುತ್ತದೆ. ಸೀಟಿನ ಹಳಿಗೆ, ಪೆಡಲಿನ ಸಲಾಕೆಗೆ ತುಕ್ಕು ಹಿಡಿದಿದ್ದರೆ ಗಾಡಿಯೊಳಗೆ ನೀರು ನಿಂತಿತ್ತೇ ಎಂದು ಕೇಳಲೇಬೇಕು.

ಮೂರು ಲಕ್ಷದ ಅರವತ್ತೈದು ಸಾವಿರವನ್ನು ಬ್ಯಾಂಕಿನಿಂದ ವರ್ಗಾಯಿಸಿದೆ. ಉಳಿದ ಐವತ್ತು ಸಾವಿರವನ್ನು ನಗದಾಗಿ ಕೇಳಿದರು, ಕೊಟ್ಟೆ. ರಸೀದಿ ನಾಳೆ ಕೊಡುತ್ತೇವೆ ಎಂದರು.

ಹನ್ನೊಂದನೆಯ ದಿನ ಆಯಿಯನ್ನು ಕೂರಿಸಿಕೊಂಡು ಹುಬ್ಬಳ್ಳಿಗೆ ಹೊರಟೆವು. ಘಟ್ಟದ ಅರ್ಧದಲ್ಲಿ ಉಷ್ಣಾಂಶದ ಮುಳ್ಳು ಕೆಂಪು ಗೆರೆಗೆ ಹೋಗಿ ನಿಂತಿತು. ಬಾನೆಟ್ಟಿನ ಸಂದಿಯಿಂದ ಹಬೆ ಬಂತು. ಎಡಕ್ಕೆ ನಿಲ್ಲಿಸುವಷ್ಟರಲ್ಲಿ ಎಂಜಿನ್ ತಾನಾಗಿಯೇ ನಿಂತಿತು. ಹಿಂದೆ ಸಾಲಾಗಿ ಅದಿರು ಲಾರಿಗಳು, ಟ್ಯಾಂಕರುಗಳು. ಆಯಿ ಏನನ್ನೂ ಹೇಳದೆ ನನ್ನ ಕೈಯನ್ನು ಹಿಡಿದುಕೊಂಡರು. ಲಾರಿ ಚಾಲಕರೊಬ್ಬರು ಇಳಿದು ಬಂದು ಚಕ್ರಕ್ಕೆ ಕಲ್ಲು ಕೊಟ್ಟರು. ನಾನು ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕಿದ್ದನ್ನು ಕಂಡು ಕೂಗಿ ತಡೆದರು. ಬಿಸಿಯಲ್ಲಿ ತೆರೆದಿದ್ದರೆ ಕುದಿನೀರು ಮುಖಕ್ಕೇ ಹಾರುತ್ತಿತ್ತು. ಅವರ ಹೆಸರನ್ನೂ ಕೇಳಲಿಲ್ಲ, ಇಂದಿಗೂ ಆ ಕೊರಗಿದೆ. ಆಯಿಯನ್ನು ಬಸ್ಸು ಹತ್ತಿಸಿ ಅಣ್ಣನ ಜೊತೆ ಕಳಿಸಿದೆ. ಕಾರನ್ನು ಯಲ್ಲಾಪುರದ ಗ್ಯಾರೇಜಿಗೆ ಎಳೆಸಿದೆ.

ಅಲ್ಲಿಯ ಮೇಸ್ತ್ರಿ ಎಂಜಿನ್ ಆಯಿಲ್ ಹಾಕುವ ಮುಚ್ಚಳವನ್ನು ತಿರುಗಿಸಿ ಒಳಭಾಗವನ್ನು ತೋರಿಸಿದರು. ಹಾಲು ಹೆಚ್ಚಾದ ಚಹಾದ ಬಣ್ಣದ ನೊರೆ. ಎಂಜಿನ್ನಿನ ಮೇಲ್ಭಾಗದ ಸಂದಿಯನ್ನು ಮುಚ್ಚುವ ಹೆಡ್ ಗ್ಯಾಸ್ಕೆಟ್ ಸೋರಿ ಆಯಿಲ್ಲಿಗೆ ನೀರು ಸೇರಿದರೆ ಹೀಗಾಗುತ್ತದಂತೆ. ರೇಡಿಯೇಟರಿನೊಳಗೆ ಸೋರಿಕೆ ಮುಚ್ಚುವ ಪುಡಿ ಸುರಿದಿದ್ದರು. ಸಮತಟ್ಟು ರಸ್ತೆಯಲ್ಲಿ ಅದು ಕೆಲವು ದಿನ ತಡೆಯುತ್ತದೆ. ಘಟ್ಟದಲ್ಲಿ ಎರಡನೆಯ ಗೇರಿನಲ್ಲಿ ಎಳೆಯುವಾಗ ತಡೆಯುವುದಿಲ್ಲ. ಆಮೇಲೆ ಅವರು ಚಾಲಕನ ಪಕ್ಕದ ಸೀಟಿನ ಕೆಳಗಿನ ಕಾರ್ಪೆಟ್ಟನ್ನು ಎತ್ತಿದರು. ಹಿಟ್ಟಿನಂತೆ ನುಣ್ಣನೆಯ, ಒಣಗಿ ಬಿರುಕು ಬಿಟ್ಟ ಮಣ್ಣು. 2019ರ ಆಗಸ್ಟಿನಲ್ಲಿ ಗಂಗಾವಳಿ ಉಕ್ಕಿ ಇಳಿದ ಮೇಲೆ ಮನೆಗಳ ನೆಲದಿಂದ ಅದೇ ಮಣ್ಣನ್ನು ನಾವೆಲ್ಲ ಕೆರೆದು ತೆಗೆದಿದ್ದೆವು. ಯಾರೂ ನನಗೆ ವಿವರಿಸಬೇಕಾಗಿರಲಿಲ್ಲ. "ಅಕ್ಕೋರೇ, ಈ ಗಾಡಿ ನೀರು ಕುಡಿದಿದೆ" ಎಂದರು ಮೇಸ್ತ್ರಿ. ಫ್ಯೂಸ್ ಪೆಟ್ಟಿಗೆಯಲ್ಲಿ ತಾಮ್ರದ ತುದಿಗಳೆಲ್ಲ ಹಸಿರಾಗಿದ್ದವು.

ಎಂಜಿನ್ ಬಿಚ್ಚಿಬಿಡಿ, ಎಷ್ಟಾದರೂ ಆಗಲಿ ಎಂದು ನಾನು ಹೇಳಿಬಿಡುತ್ತಿದ್ದೆ. ತಡೆದದ್ದು ಅವರೇ. ಬಿಚ್ಚಿದರೆ, ಹಾಳು ಮಾಡಿದ್ದು ನೀವೇ ಎಂದು ಮಾರಿದವರು ಹೇಳುತ್ತಾರೆ. ಹೀಗೆಯೇ ಇಟ್ಟು, ಚಿತ್ರ ತೆಗೆದು, ನಾನು ಕಂಡದ್ದನ್ನು ಬರೆದು ಸಹಿ ಹಾಕಿಕೊಡುತ್ತೇನೆ ಎಂದರು. ಇಂಥ ಗತಿ ನಿಮಗೆ ಬಂದರೆ ದಯವಿಟ್ಟು ಇದನ್ನು ನೆನಪಿಡಿ. ಸಿಟ್ಟಿನಲ್ಲಿ ಗಾಡಿಯನ್ನು ಒಯ್ದು ಮಾರಿದವರ ಅಂಗಳದಲ್ಲಿ ನಿಲ್ಲಿಸಿಯೂ ಬರಬೇಡಿ. ಸಾಕ್ಷಿ ಅವರ ಕೈಗೆ ಹೋಗುತ್ತದೆ.

ಕಾರವಾರದವರಿಗೆ ಫೋನ್ ಮಾಡಿದಾಗ ಮೊದಲ ದಿನ "ತಂದು ನಿಲ್ಲಿಸಿ, ನಮ್ಮ ಹುಡುಗ ನೋಡುತ್ತಾನೆ" ಎಂದರು. ಮರುದಿನ ರಿಪೇರಿ ಖರ್ಚು ಅರ್ಧರ್ಧ ಎಂದರು. ವಾರದ ಮೇಲೆ, ಅರವತ್ತು ಸಾವಿರ ಸೇರಿಸಿ ಬೇರೆ ಗಾಡಿ ಒಯ್ಯಿರಿ ಎಂದರು. ಆಮೇಲೆ ಫೋನ್ ಎತ್ತುವುದನ್ನೇ ಬಿಟ್ಟರು. ನಾನೇ ಹೋದಾಗ ಒಂದು ಕಾಗದವನ್ನು ಮುಂದಿಟ್ಟರು: ಗಾಡಿಯನ್ನು ಇದ್ದ ಸ್ಥಿತಿಯಲ್ಲೇ ಪಡೆದಿದ್ದೇನೆ, ಮುಂದೆ ಯಾವುದೇ ತಕರಾರಿಲ್ಲ. ಕೆಳಗೆ ನನ್ನ ಸಹಿ. ಕೀಲಿ ಕೊಡುವಾಗ ಹಾಕಿಸಿಕೊಂಡ ಐದಾರು ಸಹಿಗಳಲ್ಲಿ ಅದೂ ಒಂದು. ಆ ರಾತ್ರಿ ನಿದ್ದೆ ಬರಲಿಲ್ಲ. ಜಾಮೀನು ನಿಂತ ಇಬ್ಬರ ಮುಖ ಕಣ್ಣೆದುರು ಬರುತ್ತಿತ್ತು.

ಪಕ್ಕದ ಮನೆಯಲ್ಲಿ ನಾವು ಮಾವ ಎಂದೇ ಕರೆಯುವ ನಿವೃತ್ತ ನ್ಯಾಯಾಲಯ ಗುಮಾಸ್ತರಿದ್ದಾರೆ. ಕಾಗದಗಳನ್ನೆಲ್ಲ ಓದಿ, "ತಂಗೀ, ದೋಷ ಗೊತ್ತಿದ್ದೂ ಮುಚ್ಚಿ ಮಾರಿದವರನ್ನು ಈ ಸಹಿ ಕಾಯುವುದಿಲ್ಲ. ನೀರು ಹೊಕ್ಕಿಲ್ಲ ಎಂದು ಅವರೇ ಬರೆದಿದ್ದಾರಲ್ಲ, ಅದು ಎಲ್ಲಿದೆ?" ಎಂದು ಕೇಳಿದರು. ಮೊಬೈಲ್ ತೋರಿಸಿದೆ. ಆ ಸಂದೇಶವನ್ನು ಅಳಿಸಬೇಡ, ಮೊಬೈಲನ್ನೂ ಬದಲಿಸಬೇಡ ಎಂದರು. ಹಾಗೆಯೇ, ಆ ಕಂಪನಿಯ ಅಧಿಕೃತ ಸರ್ವಿಸ್ ಕೇಂದ್ರದಲ್ಲಿ ಚಾಸಿ ಸಂಖ್ಯೆ ಕೊಟ್ಟು ಹಳೆಯ ದಾಖಲೆಯನ್ನು ಕೇಳು ಎಂದರು. ಹುಬ್ಬಳ್ಳಿಯಲ್ಲಿ ಕೇಳಿದೆ. ಕೊನೆಯ ಸರ್ವಿಸ್ 2022ರ ಜೂನಿನಲ್ಲಿ, ಆಗಲೇ 1,12,000 ಕಿಲೋಮೀಟರ್ ದಾಟಿತ್ತು. ಅದಾದ ಮೇಲೆ ಒಂದು ದಾಖಲೆಯೂ ಇಲ್ಲ. ಮೀಟರನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸಿದ್ದರು. ಈ ಹಾಳೆಯನ್ನು ಹಣ ಕೊಡುವ ಮೊದಲೇ ಪಡೆಯಲು ನನಗೆ ಒಂದು ದಿನ ಸಾಕಾಗುತ್ತಿತ್ತು.

ಡಿಸೆಂಬರ್ ಕೊನೆಗೆ ಹದಿನೈದು ದಿನಗಳ ಗಡುವು ಕೊಟ್ಟು ರಿಜಿಸ್ಟರ್ಡ್ ಅಂಚೆಯಲ್ಲಿ ನೋಟಿಸ್ ಕಳಿಸಿದೆವು. ಸ್ವೀಕೃತಿ ಚೀಟಿ ಬಂತು, ಉತ್ತರ ಬರಲಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟೆ; ಅದರಿಂದಲೂ ಅವರು ಜಗ್ಗಲಿಲ್ಲ. ಫೆಬ್ರವರಿಯಲ್ಲಿ ಕಾರವಾರದ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗದಲ್ಲಿ ದೂರು ದಾಖಲಿಸಿದೆ. ಇಲ್ಲಿ ಹೆದರುವಂಥದ್ದು ಏನೂ ಇಲ್ಲ ಎಂಬುದನ್ನು ಒತ್ತಿ ಹೇಳುತ್ತೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಐದು ಲಕ್ಷ ರೂಪಾಯಿಯವರೆಗಿನ ವಸ್ತುವಿನ ದೂರಿಗೆ ಶುಲ್ಕವಿಲ್ಲ. ವಕೀಲರನ್ನು ಇಡಲೇಬೇಕೆಂದೂ ಇಲ್ಲ. ನಮ್ಮ ದೂರನ್ನು ನಾವೇ ಹೇಳಿಕೊಳ್ಳಬಹುದು. ಮಾರಿದವರು ಬೇರೆ ಜಿಲ್ಲೆಯವರಾದರೂ ನಾವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಹಾಗಾಗಿ ಗೋವಾದಲ್ಲೋ ಹುಬ್ಬಳ್ಳಿಯಲ್ಲೋ ಕೊಂಡವರೂ ಅಷ್ಟು ದೂರ ಅಲೆಯಬೇಕಿಲ್ಲ. ಎರಡು ವರ್ಷದೊಳಗೆ ಕೊಡಬೇಕು, ಅಷ್ಟೇ.

ದೂರು ಬರೆಯುವಾಗ ಮಾವ ಇನ್ನೊಂದು ಅಂಶವನ್ನು ಸೇರಿಸಿದರು. 2023ರ ಏಪ್ರಿಲ್ 1ರಿಂದ, ನೋಂದಣಿಯಾದ ವಾಹನಗಳನ್ನು ಕೊಂಡು ಮಾರುವವರು ಸಾರಿಗೆ ಇಲಾಖೆಯ ಅಧಿಕಾರ ಪತ್ರವನ್ನು ಪಡೆದಿರಬೇಕು. ನಮೂನೆ 29ಬಿ ಎಂದರೆ ಅದೇ. ಮಾಲೀಕರು ತಮಗೆ ಗಾಡಿಯನ್ನು ಒಪ್ಪಿಸಿದ್ದನ್ನು ನಮೂನೆ 29ಸಿಯಲ್ಲಿ ಇಲಾಖೆಗೆ ತಿಳಿಸಬೇಕು. ನನಗೆ ಮಾರಿದವರಲ್ಲಿ ಎರಡೂ ಇರಲಿಲ್ಲ. ಮೊದಲ ಮಾಲೀಕರ ಸಹಿಯಿದ್ದ ಖಾಲಿ ನಮೂನೆಗಳನ್ನು ಡ್ರಾಯರಿನಲ್ಲಿ ಇಟ್ಟುಕೊಂಡು ವ್ಯಾಪಾರ ಮಾಡುತ್ತಿದ್ದರು. ಆರ್‌ಸಿ ನನ್ನ ಹೆಸರಿಗೆ ಆಗಿರಲಿಲ್ಲ, ವಿಮೆಯೂ ಆಗಿರಲಿಲ್ಲ. ಆ ಹನ್ನೊಂದು ದಿನಗಳಲ್ಲಿ ಗಾಡಿ ಎಲ್ಲಿಯಾದರೂ ಗುದ್ದಿದ್ದರೆ ನನ್ನ ಗಾಡಿಯ ನಷ್ಟಕ್ಕೆ ಒಂದು ರೂಪಾಯಿಯೂ ಸಿಗುತ್ತಿರಲಿಲ್ಲ ಎಂದು ಈಗ ತಿಳಿಯುತ್ತಿದೆ, ಹಿಂದಿನ ಸೀಟಿನಲ್ಲಿ ಆಯಿ ಇದ್ದರು.

ಆಯೋಗದ ನೋಟಿಸ್ ತಲುಪಿದ ಮೂರನೆಯ ದಿನ, ಎರಡು ತಿಂಗಳಿಂದ ಫೋನ್ ಎತ್ತದವರು ತಾವಾಗಿಯೇ ಫೋನ್ ಮಾಡಿದರು. ಮೊದಲು ದೂರನ್ನು ಹಿಂದೆಗೆದುಕೊಳ್ಳಿ, ಸಂಜೆಯೊಳಗೆ ಹಣ ಮನೆಗೆ ತಲುಪುತ್ತದೆ ಎಂದರು. ನಾನು ಒಪ್ಪಲಿಲ್ಲ. ಹಣ ಡಿಮ್ಯಾಂಡ್ ಡ್ರಾಫ್ಟ್ ಮೂಲಕ, ಆಯೋಗದ ಮುಂದೆಯೇ, ಜಂಟಿ ರಾಜಿ ಪತ್ರದ ಜೊತೆ ಎಂದು ಪಟ್ಟು ಹಿಡಿದೆ. ಎರಡು ಬಾರಿ ದಿನಾಂಕ ಮುಂದೂಡಿಸಿಕೊಂಡರು. ಮೇ ತಿಂಗಳ ಸೆಕೆಯಲ್ಲಿ ಮೂರನೆಯ ಸಲ ಹೋದಾಗ ಮೂರು ಲಕ್ಷದ ಅರವತ್ತೈದು ಸಾವಿರದ ಡ್ರಾಫ್ಟ್ ಕೈಗೆ ಬಂತು. ರಸೀದಿಯಿಲ್ಲದ ಐವತ್ತು ಸಾವಿರವನ್ನು ತಾವು ಪಡೆದೇ ಇಲ್ಲ ಎಂದರು, ನನ್ನ ಮುಖವನ್ನು ನೋಡುತ್ತಲೇ. ನನ್ನಲ್ಲಿ ಸಾಕ್ಷಿ ಇರಲಿಲ್ಲ. ಆ ಐವತ್ತು ಸಾವಿರದ ಬಡ್ಡಿಯನ್ನೂ ಅಸಲನ್ನೂ ಪ್ರತಿ ತಿಂಗಳ ಸಂಬಳದಲ್ಲಿ ಇನ್ನೂ ಕಟ್ಟುತ್ತಿದ್ದೇನೆ. ಯಾರೇ ನಗದು ಕೇಳಿದರೂ ಕೊಡಬೇಡಿ. ಕೊಡಲೇಬೇಕಾದರೆ ರಸೀದಿಯನ್ನು ಕೈಯಲ್ಲಿ ಹಿಡಿದ ಮೇಲೆ ಕೊಡಿ.

ಕಾರನ್ನು ಅವರೇ ಯಲ್ಲಾಪುರದಿಂದ ಎಳೆಸಿಕೊಂಡು ಹೋದರು. ಚಾಸಿ ಸಂಖ್ಯೆ, ಎಂಜಿನ್ ಸಂಖ್ಯೆ, ದಿನಾಂಕ, ಗಂಟೆಯನ್ನು ಬರೆದು ಸಹಿ ಮಾಡಿಸಿಕೊಂಡೇ ಕೀಲಿ ಕೊಟ್ಟೆ. ಅದು ಗುಜರಿಗೆ ಹೋಗಲಿಲ್ಲ. ಆಗಸ್ಟಿನಲ್ಲಿ ಕಾರವಾರಕ್ಕೆ ಹೋದಾಗ ನೋಡಿದೆ, ತೊಳೆದು ಹೊಳಪು ಕೊಟ್ಟು ಮತ್ತೆ ಮುಂದಿನ ಸಾಲಿನಲ್ಲಿ ನಿಲ್ಲಿಸಿದ್ದರು. ಮುಂದಿನ ತಿಂಗಳು ಅದು ಅಲ್ಲಿರಲಿಲ್ಲ. ಯಾರ ಮನೆಯ ಮುಂದೆ ಈಗ ನಿಂತಿದೆಯೋ. ಬಿಳಿ ಬಣ್ಣದ, 2016ರ ಮಾದರಿಯ, ಬೆಂಗಳೂರು ನೋಂದಣಿಯ ಡೀಸೆಲ್ ಕಾರನ್ನು ಈ ಕಡೆ ಯಾರಾದರೂ ನಿಮಗೆ ತೋರಿಸಿದರೆ, ಹಿಂದಿನ ಎಡಭಾಗದ ಸೀಟ್ ಬೆಲ್ಟನ್ನು ಅದರ ಕೊನೆಯವರೆಗೂ ಎಳೆದು ನೋಡಿ. ಒಳಗೆ ಸುತ್ತಿಕೊಂಡಿರುವ ಕೊನೆಯ ಒಂದು ಮೊಳದಷ್ಟು ಭಾಗದಲ್ಲಿ ಮಣ್ಣಿನ ಬಣ್ಣದ ಗೆರೆಯೊಂದಿದೆ. ನಾನೇ ಸೋಪು ಹಾಕಿ ಉಜ್ಜಿದ್ದೆ, ಹೋಗಲಿಲ್ಲ.