ಲೋನ್ ಜೊತೆ ಕೊಟ್ಟ ಇನ್ಶೂರೆನ್ಸ್ ನಿಮ್ಮ ಮನೆಯದ್ದೇನಾ? ಇವತ್ತೇ ತೆಗೆದು ನೋಡಿ

ಬೆಂಗಳೂರಲ್ಲಿ ಸಾಲ ಮಾಡಿ ಫ್ಲ್ಯಾಟ್ ತಗೊಂಡವರೆಲ್ಲ ಇದನ್ನು ಓದಿ. ಬರೆಯೋಕೆ ನಾಚಿಕೆ ಆಗುತ್ತಿದೆ, ಆದರೂ ಬರೆಯುತ್ತಿದ್ದೇನೆ.

ಕಳೆದ ತಿಂಗಳು ಎರಡು ದಿನ ತುಮಕೂರಿಗೆ ಹೋಗಿದ್ದೆವು. ನಮ್ಮ ಮೇಲಿನ ಫ್ಲ್ಯಾಟ್‌ಗೆ ಬೀಗ, ಓನರ್ ಅಮೆರಿಕದಲ್ಲಿ. ಅವರ ಬಾತ್‌ರೂಮ್ ಪೈಪ್ ಒಡೆದು ರಾತ್ರಿಯಿಡೀ ನೀರು ನಮ್ಮ ಮನೆಗೆ ಇಳಿದಿದೆ. ಫಾಲ್ಸ್ ಸೀಲಿಂಗ್ ಕುಸಿದು ಮಂಚದ ಮೇಲೆ ಬಿದ್ದಿತ್ತು. ವಾರ್ಡ್‌ರೋಬ್ ಪ್ಲೈವುಡ್ ಉಬ್ಬಿ ಬಾಗಿಲೇ ಮುಚ್ಚುತ್ತಿಲ್ಲ. ಟಿವಿ ಹೋಯಿತು. ಎಲ್ಲ ಸೇರಿ 2 ಲಕ್ಷ 40 ಸಾವಿರ.

ನಾನು ಮಾತ್ರ ಆರಾಮಾಗಿದ್ದೆ. ಹೋಮ್ ಇನ್ಶೂರೆನ್ಸ್ ಇದೆಯಲ್ಲ! ಲೋನ್ ಮಾಡುವಾಗ ಬ್ಯಾಂಕಿನ ಹುಡುಗ "ಇದು ಕಂಪಲ್ಸರಿ ಮೇಡಂ, ಮನೆ ಸೇಫ್" ಅಂತ 68 ಸಾವಿರದ ಪ್ರೀಮಿಯಂ ಸಾಲಕ್ಕೇ ಸೇರಿಸಿದ್ದ. ಐದು ವರ್ಷದಿಂದ ಅದಕ್ಕೂ ಬಡ್ಡಿ ಕಟ್ಟುತ್ತಿದ್ದೇನೆ.

ಇನ್ಶೂರೆನ್ಸ್ ಕಂಪನಿಗೆ ಫೋನ್ ಮಾಡಿದೆ. ಪಾಲಿಸಿ ನಂಬರ್ ಕೇಳಿ ಸ್ವಲ್ಪ ಹೊತ್ತು ಸುಮ್ಮನಾದರು.

"ಮೇಡಂ, ಇದು ನಿಮ್ಮ ಜೀವದ ಮೇಲಿರೋ ಪಾಲಿಸಿ. ನಿಮಗೇನಾದ್ರೂ ಆದ್ರೆ ಲೋನ್ ನಾವು ತೀರಿಸ್ತೀವಿ."

"ಮನೆಗೇನಾದ್ರೂ ಆದ್ರೆ?"

"ಅದು ಬೇರೆ ಪಾಲಿಸಿ ಮೇಡಂ."

ಬೇರೆ ಪಾಲಿಸಿ! ಅಂದರೆ ದುಡ್ಡು ಬರಬೇಕಾದರೆ ನಾನು ಸಾಯಬೇಕು. ಬ್ರಾಂಚಿಗೆ ಹೋದೆ. ಆ ಹುಡುಗ ಈಗ ಅಲ್ಲಿಲ್ಲ. ಇರುವವರು "ಪಾಲಿಸಿ ಬಾಂಡ್ ಮನೆಗೆ ಕಳಿಸಿದ್ವಲ್ಲ, ಓದಲಿಲ್ವಾ?" ಅಂದರು. ಓದಿರಲಿಲ್ಲ. ಲಕೋಟೆ ಒಡೆಯದೆ ಬೀರುವಿನಲ್ಲೇ ಇತ್ತು. ಹೊಟ್ಟೆ ಉರಿಯೋದು ಅದಕ್ಕೇ.

ಅಸೋಸಿಯೇಷನ್‌ನಲ್ಲಿ ಕೇಳಿದೆ. ಅವರ ಪಾಲಿಸಿ ಲಿಫ್ಟ್, ಜನರೇಟರ್, ಪಂಪ್, ಕಾಮನ್ ಏರಿಯಾಗೆ ಅಷ್ಟೇ ಅಂತೆ. "ಒಳಗಿಂದು ನಿಮ್ಮದೇ ಮೇಡಂ." ಪ್ರತಿ ತಿಂಗಳು ಮೆಂಟೆನೆನ್ಸ್ ಕಟ್ಟುವಾಗ ಇದನ್ನು ಯಾರೂ ಹೇಳಲ್ಲ, ಅಲ್ವಾ?

ಈಗ ಗೊತ್ತಾಗಿದ್ದು: 'ಭಾರತ್ ಗೃಹ ರಕ್ಷಾ' ಅಂತ ಒಂದು ಪಾಲಿಸಿ 2021ರ ಏಪ್ರಿಲ್‌ನಿಂದಲೇ ಇದೆ. ಬೆಂಕಿ, ಪ್ರವಾಹದ ಜೊತೆ ಪೈಪ್, ಟ್ಯಾಂಕ್ ಒಡೆದು ಆಗುವ ನಷ್ಟವೂ ಅದರಲ್ಲಿ ಸೇರಿದೆ. ಒಳಗಿನ ಸಾಮಾನಿಗೆ, ಕಟ್ಟಡಕ್ಕೆ ಮಾಡಿಸಿದ ವಿಮೆ ಮೊತ್ತದ ಶೇ. 20ರಷ್ಟು, ಗರಿಷ್ಠ 10 ಲಕ್ಷದವರೆಗೆ ತಾನಾಗಿಯೇ ಸಿಗುತ್ತದೆ. ಜಾಗದ ಬೆಲೆ ಲೆಕ್ಕಕ್ಕಿಲ್ಲ, ಕಟ್ಟುವ ಖರ್ಚಿಗೆ ಮಾತ್ರ ವಿಮೆ. ಆ ಹುಡುಗ ಇದನ್ನು ಯಾಕೆ ಹೇಳಲಿಲ್ಲ? ಇದರಲ್ಲಿ ಅವನಿಗೆ ಅಷ್ಟು ಕಮಿಷನ್ ಗಿಟ್ಟಲ್ಲ ಅಂತ ನನ್ನ ಅನುಮಾನ.

ಬೀರು ತೆಗೆಯಿರಿ, ಬಾಂಡ್ ಓದಿ. ಅದರಲ್ಲಿ ನಿಮ್ಮ ಫ್ಲ್ಯಾಟ್ ನಂಬರ್ ಇದೆಯೋ, ಬರೀ ನಿಮ್ಮ ಹುಟ್ಟಿದ ತಾರೀಕು, ನಾಮಿನಿ ಹೆಸರು ಇದೆಯೋ ನೋಡಿ. ನಾನು ಕಂಪನಿಗೆ ಲಿಖಿತ ದೂರು ಕೊಟ್ಟಿದ್ದೇನೆ. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ ಜೆ.ಪಿ. ನಗರದ ವಿಮಾ ಓಂಬುಡ್ಸ್‌ಮನ್ (ಇನ್ಶೂರೆನ್ಸ್ ಕಂಪನಿಗಳ ಮೇಲಿನ ದೂರು ವಿಚಾರಿಸುವ ಅಧಿಕಾರಿ) ಕಚೇರಿಗೆ ಹೋಗುತ್ತೇನೆ. ಅಲ್ಲಿ ಫೀಸ್ ಇಲ್ಲ, ಅದೊಂದೇ ಸಮಾಧಾನ.

ಮೇಲಿನ ಫ್ಲ್ಯಾಟಿನವರು ನಿನ್ನೆ ಅಮೆರಿಕದಿಂದ ವಾಟ್ಸ್‌ಆ್ಯಪ್ ಮಾಡಿದ್ದಾರೆ. "ಸಾರಿ. ನಿಮಗೆ ಇನ್ಶೂರೆನ್ಸ್ ಇದೆಯಲ್ಲ, ಕ್ಲೇಮ್ ಮಾಡ್ಕೊಳ್ಳಿ."