ಲೈಟಿಗೆ ಯಾವ ಸೆನ್ಸರ್: ಪಿಐಆರ್ ಅಥವಾ ಮೈಕ್ರೋವೇವ್?

ಯಾರಾದರೂ ಓಡಾಡಿದರೆ ತಾನಾಗಿ ಲೈಟ್ ಹೊತ್ತಿಸುವ ಸೆನ್ಸರ್‌ಗಳು ಇವು. ಪಿಐಆರ್ (ಪ್ಯಾಸಿವ್ ಇನ್‌ಫ್ರಾರೆಡ್) ಗಮನಿಸುವುದು ಮೈಯ ಶಾಖವನ್ನು. ಮನುಷ್ಯ ಅದರ ಮುಂದೆ ಅಡ್ಡ ಹಾದರೆ ತಕ್ಷಣ ಹಿಡಿಯುತ್ತದೆ. ನೇರ ಅದರ ಕಡೆಗೇ ನಡೆದು ಬಂದರೆ ಸ್ವಲ್ಪ ತಡ. ಹಾಗಾಗಿ ಮೆಟ್ಟಿಲಿನ ಎದುರಿಗೆ ಬೇಡ, ಪಕ್ಕದ ಗೋಡೆಗೆ ಹಾಕಿಸಿ. ಗೋಡೆ, ಗಾಜಿನ ಆಚೆ ಅದಕ್ಕೆ ಏನೂ ಗೊತ್ತಾಗುವುದಿಲ್ಲ. ಕಲಬುರಗಿಯ ಏಪ್ರಿಲ್ ಬಿಸಿಲಿನಲ್ಲಿ ಮಾತ್ರ ಇದು ಮಂಕಾಗುತ್ತದೆ. ಗಾಳಿಯೂ ಮೈಯಷ್ಟೇ ಬಿಸಿಯಾದರೆ ವ್ಯತ್ಯಾಸ ತಿಳಿಯುವುದು ಕಷ್ಟ, ಅಲ್ವಾ?

ಮೈಕ್ರೋವೇವ್‌ಗೆ ಸೆಕೆಯ ಕಾಟ ಇಲ್ಲ. ಅದು ಸಾಮಾನ್ಯವಾಗಿ 5.8 ಗಿಗಾಹರ್ಟ್ಸ್ ಅಲೆ ಬಿಟ್ಟು, ವಾಪಸ್ ಬಂದ ಅಲೆಯಲ್ಲಿ ಚಲನೆ ಹುಡುಕುತ್ತದೆ. ಗಾಜು, ಪ್ಲೈವುಡ್ ಬಾಗಿಲು ದಾಟುತ್ತದೆ. ತೊಂದರೆಯೂ ಅದೇ. ನಮ್ಮ ಬಾತ್‌ರೂಮಿಗೆ ಹಾಕಿಸಿದಾಗ ಹೊರಗೆ ಯಾರು ಓಡಾಡಿದರೂ ಒಳಗೆ ಸುಮ್ನೆ ಲೈಟ್ ಹತ್ತುತ್ತಿತ್ತು. ಸೆನ್ಸಿಟಿವಿಟಿ ತಿರುಪನ್ನು ಕಾಲು ಭಾಗಕ್ಕೆ ಇಳಿಸಿದ ಮೇಲೆ ಸರಿಹೋಯಿತು.

ಎರಡರಲ್ಲೂ ಟೈಮ್ (ಲೈಟ್ ಎಷ್ಟು ಹೊತ್ತು ಉರಿಯಬೇಕು), ಲಕ್ಸ್ (ಎಷ್ಟು ಕತ್ತಲಾದ ಮೇಲೆ ಹತ್ತಬೇಕು) ತಿರುಪುಗಳು ಸಾಮಾನ್ಯ. ಇವನ್ನು ಹೊಂದಿಸದೆ ಎಲೆಕ್ಟ್ರಿಷಿಯನ್‌ನನ್ನು ಕಳಿಸಬೇಡಿ. ಮೊದಲು ಟೈಮನ್ನು ಪೂರ್ತಿ ಕಡಿಮೆ, ಲಕ್ಸನ್ನು ಸೂರ್ಯನ ಗುರುತಿನ ಕಡೆ ಇಟ್ಟು ನಡೆದು ನೋಡಿ. ಎಲ್ಲಿ ಹಿಡಿಯುತ್ತದೆ, ಎಲ್ಲಿ ಬಿಡುತ್ತದೆ ಹಗಲಲ್ಲೇ ಗೊತ್ತಾಗುತ್ತದೆ. ಆಮೇಲೆ ಮುಸ್ಸಂಜೆ, ಲೈಟ್ ಬೇಕು ಅನ್ನಿಸುವ ಹೊತ್ತಿಗೆ, ಲಕ್ಸನ್ನು ಚಂದ್ರನ ಕಡೆಯಿಂದ ನಿಧಾನಕ್ಕೆ ತಿರುಗಿಸಿ. ಲೈಟ್ ಹತ್ತಿದ ಜಾಗದಲ್ಲಿ ನಿಲ್ಲಿಸಿ. ಟೈಮ್ ಮೆಟ್ಟಿಲಿಗೆ ಒಂದು ನಿಮಿಷ ಸಾಕು. ಬಾತ್‌ರೂಮಿಗೆ ಐದಕ್ಕಿಂತ ಜಾಸ್ತಿ ಇರಲಿ. ಅಲ್ಲಾಡದೆ ಕೂತವರನ್ನು ಪಿಐಆರ್ ಮರೆತೇಬಿಡುತ್ತದೆ.

ನನ್ನ ಆಯ್ಕೆ: ಮೆಟ್ಟಿಲು, ಪ್ಯಾಸೇಜಿಗೆ ಪಿಐಆರ್. ದೊಡ್ಡ ಬೇಸ್‌ಮೆಂಟ್ ಪಾರ್ಕಿಂಗ್‌ಗೆ ಮೈಕ್ರೋವೇವ್.