ಖೋತಾಚಿವಾಡಿ ವಾಕ್: ಕಥೆ ಚೆನ್ನಾಗಿದೆ, ಗುಂಪು ಜಾಸ್ತಿ

ಗಿರ್‌ಗಾಂವ್‌ನ ಹಳೇ ಮನೆಗಳ ಗಲ್ಲಿಯಾದ ಖೋತಾಚಿವಾಡಿಯಲ್ಲಿ ಭಾನುವಾರ ಬೆಳಗ್ಗೆ ಗೈಡ್ ಜೊತೆ ಸುತ್ತಾಡಿಸುವ ವಾಕ್‌ಗೆ ಡೊಂಬಿವಲಿಯ ನಮ್ಮ ಅತ್ತಿಗೆ ಜೊತೆ ಹೋಗಿದ್ದೆ. ಮುಂಬೈಗೆ ಬರುವ ನೆಂಟರನ್ನು ಗೇಟ್‌ವೇ ತೋರಿಸಿ ವಾಪಸ್ ಕಳಿಸುವವರು ಒಮ್ಮೆ ಇಲ್ಲಿಗೂ ಕರೆದುಕೊಂಡು ಹೋಗಿ.

ಗೈಡ್ ಶುರು ಮಾಡಿದ್ದೇ ಈ ವಾಡಿಯ ಹೆಸರಿನಿಂದ. ಕೊಂಕಣದಲ್ಲಿ ಹಳ್ಳಿಯ ಕಂದಾಯ ವಸೂಲಿ ಮಾಡುತ್ತಿದ್ದವರನ್ನು ಖೋತ್ ಅನ್ನುತ್ತಿದ್ದರು. ಇಲ್ಲಿ ಮಾತ್ರ ಅದು ಒಬ್ಬ ಮನುಷ್ಯನ ಅಡ್ಡಹೆಸರು. ಪಾಠಾರೆ ಪ್ರಭು ಸಮುದಾಯದ ದಾದೋಬಾ ವಾಮನ್ ಖೋತ್ 18ನೇ ಶತಮಾನದ ಕೊನೆಯ ಹೊತ್ತಿಗೆ ತಮ್ಮ ಜಮೀನನ್ನು ಈಸ್ಟ್ ಇಂಡಿಯನ್ ಕ್ರೈಸ್ತ ಕುಟುಂಬಗಳಿಗೆ ಸೈಟು ಮಾಡಿ ಮಾರಿದರು. ಮನೆ ಕಟ್ಟಿ ಬಾಳಿದವರು ಅವರು, ವಾಡಿಗೆ ಉಳಿದದ್ದು ಖೋತರ ಹೆಸರು.

ಈ ಈಸ್ಟ್ ಇಂಡಿಯನ್ನರ ಹೆಸರಿಗೂ ಒಂದು ಕಥೆ ಇದೆ. ಇವರು ಇದೇ ನೆಲದ ಜನ, ಮನೆಮಾತು ಮರಾಠಿಯದೇ ಒಂದು ಬಗೆ. ಗೋವಾ, ಮಂಗಳೂರು ಕಡೆಯಿಂದ ಕೆಲಸಕ್ಕೆ ಬಂದ ಕ್ರೈಸ್ತರೇ ಬೇರೆ, ನಾವೇ ಬೇರೆ ಎಂದು ತೋರಿಸಿಕೊಳ್ಳಲು ಈಸ್ಟ್ ಇಂಡಿಯಾ ಕಂಪನಿಯ ಹೆಸರನ್ನೇ ಇಟ್ಟುಕೊಂಡರು. 1887ರಲ್ಲಿ, ವಿಕ್ಟೋರಿಯಾ ರಾಣಿಯ ಸುವರ್ಣ ಮಹೋತ್ಸವದ ವರ್ಷ, ಅದೇ ಹೆಸರಲ್ಲಿ ಸಂಘವನ್ನೂ ಕಟ್ಟಿದರು. ಅತ್ತಿಗೆ ಮಂಗಳೂರಿನವರು, ಇದನ್ನು ಎರಡೆರಡು ಸಲ ಕೇಳಿ ತಿಳಿದುಕೊಂಡರು.

ಮನೆಗಳಂತೂ ನೋಡುತ್ತಾ ನಿಲ್ಲುವ ಹಾಗಿವೆ. ಹೊರಗಿನಿಂದಲೇ ಮಹಡಿಗೆ ಏರುವ ಮರದ ಮೆಟ್ಟಿಲು, ಮುಂದೆ ಜಗಲಿ, ಮೇಲೆ ನಮ್ಮ ಮಂಗಳೂರು ಹಂಚು. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಲ್ಲಿ ಕಾರ್ಖಾನೆ ಹಾಕಿದ ಮೇಲೆ ಈ ಹಂಚು ಎಲ್ಲೆಲ್ಲಿಗೋ ಹೋಯಿತು, ಅಲ್ವಾ? ಗೈಡ್ ಅದರ ಬಗ್ಗೆ ಒಂದು ಮಾತೂ ಆಡದೆ ಪೋರ್ಚುಗೀಸ್ ಶೈಲಿ ಅಂತಲೇ ಹೇಳುತ್ತಾ ಹೋದದ್ದು ನನಗೆ ಹಿಡಿಸಲಿಲ್ಲ. ಒಂದು ಕಾಲಕ್ಕೆ 65 ಮನೆಗಳಿದ್ದ ಕಡೆ ಈಗ ಅರ್ಧವೂ ಉಳಿದಿಲ್ಲ.

ದೊಡ್ಡ ದೂರು ಗುಂಪಿನದ್ದು. ಸ್ಕೂಟರ್ ಬಂದರೆ ಗೋಡೆಗೆ ಅಂಟಿಕೊಂಡು ನಿಲ್ಲಬೇಕಾದ ಗಲ್ಲಿ ಅದು, ಅಲ್ಲಿಗೆ ಇಷ್ಟೊಂದು ಜನರನ್ನು ತಂದರೆ ಹಿಂದಿದ್ದವರಿಗೆ ಏನೂ ಕೇಳಿಸುವುದಿಲ್ಲ. ಇಬ್ಬರು ಯಾರದೋ ಮನೆಯ ಮೆಟ್ಟಿಲ ಮೇಲೆ ಕೂತು ಫೋಟೊ ತೆಗೆಸಿಕೊಳ್ಳುತ್ತಿದ್ದರು. ಒಳಗಿದ್ದ ಅಜ್ಜಿ ಬಂದು ಕಿಟಕಿ ಹಾಕಿಕೊಂಡರು. ಗೈಡ್ ಸುಮ್ನೆ ನೋಡುತ್ತಿದ್ದರು. ಅದು ಜನ ವಾಸ ಮಾಡುವ ಜಾಗ, ಮೊದಲೇ ಹೇಳಿ ಕರೆದುಕೊಂಡು ಹೋಗಬೇಕಿತ್ತು.

ಚರ್ನಿ ರೋಡ್ ಸ್ಟೇಷನ್‌ನಲ್ಲಿ ಇಳಿದರೆ ನಡೆದೇ ಹೋಗಬಹುದು. ಬುಕ್ ಮಾಡುವ ಮೊದಲು ಎಷ್ಟು ಜನ ಇರುತ್ತಾರೆ ಎಂದು ಫೋನ್ ಮಾಡಿ ಕೇಳಿ, ಹತ್ತು-ಹನ್ನೆರಡಕ್ಕಿಂತ ಜಾಸ್ತಿ ಅಂದರೆ ಇನ್ನೊಂದು ವಾರಕ್ಕೆ ಹಾಕಿಸಿಕೊಳ್ಳಿ.